ಮೆಟ್ಟಿಲು ಕಟ್ಟಿದವರು ಯಾರು?



ಕೈಗಾ ಎಂದರೆ ಹೊರಗಿನವರಿಗೆ ಅಣುಸ್ಥಾವರ ಒಂದೇ ನೆನಪಾಗುತ್ತದೆ. ತಪ್ಪಲ್ಲ. ಕಾಳಿ ನದಿಯ ದಂಡೆಯಲ್ಲಿ ಒಂದೊಂದು 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ, ಅದರ ಕಾಲೊನಿ ಮಲ್ಲಾಪುರದಲ್ಲಿದೆ. ನಮ್ಮ ಕೇರಿಯ ಕೆಲವರು ಅಲ್ಲಿಗೆ ಗುತ್ತಿಗೆ ಕೂಲಿಗೆ ಹೋಗ್ತಾರೆ. ಆದರೆ ಈ ಸಲ ನಾನು ಬರೆಯಹೊರಟದ್ದು ಕರೆಂಟಿನ ಬಗ್ಗೆ ಅಲ್ಲ, ದೇವರ ಬಗ್ಗೆ. ಕಳೆದ ತಿಂಗಳು ಈ ಕಡೆಯ ಒಂದು ಊರಿನಲ್ಲಿ ಮೂರು ದಿನ ಆಧ್ಯಾತ್ಮ ಪ್ರವಚನ ನಡೆಯಿತು. ಮೊದಲ ದಿನ ನಾನು ಹೋಗಿದ್ದೆ, ನನ್ನ ಅಜ್ಜಿಯನ್ನೂ ಕರಕೊಂಡು. ಅಲ್ಲಿಂದ ಬಂದ ಮೇಲೆ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ಪ್ರವಚನಕಾರರು ಓದಿಕೊಂಡವರು. ಮಾತು ಬೆಣ್ಣೆ. ಕೈಗಾದವರ ಎದುರು ನಿಂತು ಬ್ರಹ್ಮವನ್ನು ವಿವರಿಸೋದು ಬಹಳ ಸುಲಭ ಅಂತ ಶುರು ಮಾಡಿದರು. ಅಣುವಿನೊಳಗೆ ಅಡಗಿರುವ ಶಕ್ತಿ ಯಾವುದೋ ನಿಮ್ಮೊಳಗಿರುವ ಶಕ್ತಿಯೂ ಅದೇ, ಕಲ್ಲಿನಲ್ಲೂ ಅದೇ, ನಾಯಿಯಲ್ಲೂ ಅದೇ, ಎರಡು ಅನ್ನುವುದೇ ಇಲ್ಲ ಅಂದರು. ಚೆನ್ನಾಗಿಯೇ ಇತ್ತು. ಆಮೇಲೆ ಮನುಷ್ಯನ ಬೆಳವಣಿಗೆಗೆ ಬಂದರು. ನಾಲ್ಕು ಮೆಟ್ಟಿಲು ಇವೆಯಂತೆ. ಕಲ್ಲು, ಮರ, ಹಾವಿಗೆ ಹೆದರಿ ಕೈ ಮುಗಿಯುವವರು ಮೊದಲನೆಯದರಲ್ಲಿ. ಗುಡಿಯ ಮೂರ್ತಿಯನ್ನು ಪೂಜಿಸುವವರು ಎರಡನೆಯದರಲ್ಲಿ. ನಾಮಜಪ ಮಾಡುವವರು ಮೂರನೆಯದರಲ್ಲಿ. ರೂಪವೂ ನಾಮವೂ ಇಲ್ಲದ ಬ್ರಹ್ಮವನ್ನು ತಿಳಿದವರು ತುದಿಯಲ್ಲಿ. 'ಕಲ್ಲಿಗೆ ಕೋಳಿ ಕೊಯ್ಯುವವರನ್ನು ನಾವು ಹೀಗಳೆಯಬಾರದು, ಅವರಿನ್ನೂ ಮಕ್ಕಳು, ಜನ್ಮ ಜನ್ಮ ದಾಟಿ ಮೇಲೆ ಬರ್ತಾರೆ' ಅಂತ ಬಹಳ ಕರುಣೆಯಿಂದ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆನೋ ಏನೋ, ನೆನಪಿಲ್ಲ.

ಕೊನೆಗೆ ತೀರ್ಥ. ಮುಂದಿನ ಸಾಲಿನವರಿಗೆ ಉದ್ಧರಣೆಯನ್ನು ಅಂಗೈಗೆ ತಾಗಿಸಿ ಕೊಟ್ಟರು. ನಮ್ಮ ಸಾಲಿಗೆ ಬಂದ ಹುಡುಗ ಒಂದು ಗೇಣು ಮೇಲಿನಿಂದ ಬಿಟ್ಟ. ಅರ್ಧ ಅಜ್ಜಿಯ ಸೀರೆಗೆ ಬಿತ್ತು. ಯಾರೂ ಬೈಯಲಿಲ್ಲ, ಯಾರೂ ತಳ್ಳಲಿಲ್ಲ. ಎರಡಿಲ್ಲ ಅಂದ ತತ್ವಕ್ಕೂ ಅಜ್ಜಿಯ ಅಂಗೈಗೂ ನಡುವೆ ಒಂದು ಗೇಣು ಜಾಗ ಉಳಿಯಿತು, ಅಷ್ಟೆ.

ಮನೆಗೆ ನಡೆದು ಬರುವಾಗ ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು: "ತಮಾ, ಅವ್ರು ಹೇಳಿದ್ರಲ್ಲ ಮೆಟ್ಲು, ಅದನ್ನ ಕಟ್ದವ್ರು ಯಾರು?"

ನಾನು ಬಿ.ಎ. ಓದಿದವನು. ಉತ್ತರ ಗೊತ್ತಿರಲಿಲ್ಲ.

ಅಜ್ಜಿಯ ದೇವರ ಬಗ್ಗೆ ಎರಡು ಮಾತು ಹೇಳಬೇಕು. ಅದೊಂದು ಕಲ್ಲು, ಜಟಗ. ನಮ್ಮ ಕರಾವಳಿಯ ಕೇರಿಗಳಲ್ಲಿ ಓಡಾಡಿದವರಿಗೆ ಜಟಗನನ್ನು ಪರಿಚಯಿಸಬೇಕಾಗಿಲ್ಲ. ಕದ್ರಾ ಅಣೆಕಟ್ಟು ಕಟ್ಟಿ ಹಿನ್ನೀರು ಬರುತ್ತೆ ಅಂತಾದಾಗ ನಮ್ಮವರು ಊರು ಬಿಟ್ಟರು. ಪಾತ್ರೆ, ಕತ್ತಿ, ಮಡಿಕೆ ಕಟ್ಟಿದ ಮೇಲೆ ಅಜ್ಜಿ ಜಟಗನನ್ನು ಗೋಣಿಚೀಲದಲ್ಲಿ ಹಾಕಿ ತಲೆ ಮೇಲೆ ಹೊತ್ತಳು. ಅಜ್ಜ ಬೈದನಂತೆ, ಕಲ್ಲು ಎಲ್ಲಿ ಹೋದರೂ ಸಿಗ್ತದೆ ಅಂತ. ಅವಳು ಕೇಳಲಿಲ್ಲ. ಈಗ ಅದು ನಮ್ಮ ಹಿತ್ತಲಿನ ಹಲಸಿನ ಮರದ ಬುಡದಲ್ಲಿದೆ. ಅದಕ್ಕೆ ಗುಡಿ ಇಲ್ಲ, ಭಟ್ಟರಿಲ್ಲ, ಮಂತ್ರ ಇಲ್ಲ. ಮಳೆ ತಡವಾದರೆ ಅಜ್ಜಿ ಅದಕ್ಕೆ ಬೈತಾಳೆ. ಅಪ್ಪ ಕುಡಿದು ಬಂದರೆ ಅದಕ್ಕೇ ಬೈತಾಳೆ. ಕೊಟ್ಟ ಕೋಳಿ ತಿಂದು ಸುಮ್ಮನೆ ಕೂತಿದ್ದೀಯ ಅಂತ ಕೇಳ್ತಾಳೆ. ಕೋಳಿ ತಿಂದವರು ನಾವು, ಆ ಮಾತು ಬೇರೆ.

ಹೀಗೆ ಬೈಸಿಕೊಳ್ಳುವ ದೇವರು ಮೊದಲನೇ ಮೆಟ್ಟಿಲು, ತಾಗಿಸಿಕೊಳ್ಳದ ಬ್ರಹ್ಮ ನಾಲ್ಕನೇ ಮೆಟ್ಟಿಲು. ಈ ಲೆಕ್ಕ ಎಲ್ಲಿಂದ ಬಂತು ಅಂತ ನೋಡಲು ನಾನು ಮತ್ತೆ ಪುಸ್ತಕ ಹಿಡಿದೆ.

ಪ್ರವಚನಕಾರರ ಮೂಲಪುರುಷರು ಶಂಕರಾಚಾರ್ಯರು. ಇರುವುದು ಬ್ರಹ್ಮ ಒಂದೇ, ಜೀವ ಅದಕ್ಕಿಂತ ಬೇರೆಯಲ್ಲ ಅನ್ನೋದು ಅವರ ಸಿದ್ಧಾಂತ. ಇದಕ್ಕಿಂತ ದೊಡ್ಡ ಸಮಾನತೆ ಎಲ್ಲಿದೆ? ಆದರೆ ಅದೇ ಶಂಕರರು ಬ್ರಹ್ಮಸೂತ್ರಕ್ಕೆ ಬರೆದ ಭಾಷ್ಯದಲ್ಲಿ ಅಪಶೂದ್ರಾಧಿಕರಣ ಅಂತ ಒಂದು ಭಾಗ ಇದೆ. ವೇದದ ಮೂಲಕ ಬ್ರಹ್ಮವನ್ನು ತಿಳಿಯುವ ಅಧಿಕಾರ ಶೂದ್ರನಿಗಿಲ್ಲ ಅಂತ ಅಲ್ಲಿ ವಾದಿಸುತ್ತಾರೆ. ವೇದ ಕೇಳಿದವನ ಕಿವಿಗೆ ಕಾದ ಸೀಸ, ಅರಗು ತುಂಬಬೇಕೆನ್ನುವ ಸ್ಮೃತಿಯ ಮಾತನ್ನೂ ಆಧಾರಕ್ಕೆ ತರುತ್ತಾರೆ. ಶೂದ್ರನ ಗತಿಯೇ ಇದಾದರೆ ಹೊಲೆಯ ಮಾದಿಗರದ್ದು, ನಮ್ಮ ಜಿಲ್ಲೆಯ ಮುಕ್ರಿ, ಆಗೇರ, ಹಳ್ಳೇರರದ್ದು ಕೇಳುವುದೇ ಬೇಡ. ಪಾರಮಾರ್ಥದಲ್ಲಿ ಎಲ್ಲ ಒಂದು, ವ್ಯವಹಾರದಲ್ಲಿ ಬೇರೆ ಬೇರೆ. ಬಾವಿ ಮಾತ್ರ ಯಾವಾಗಲೂ ವ್ಯವಹಾರದಲ್ಲೇ ಇರುತ್ತದೆ ನೋಡಿ.

ಶಂಕರರ ಬಗ್ಗೆ ಇನ್ನೊಂದು ಕಥೆ ಎಲ್ಲರೂ ಹೇಳ್ತಾರೆ. ಪ್ರವಚನಕಾರರೂ ಹೇಳಿದರು. ಕಾಶಿಯ ಓಣಿಯಲ್ಲಿ ಎದುರು ಬಂದ ಚಂಡಾಲನಿಗೆ ಆಚಾರ್ಯರು 'ದೂರ ಸರಿ' ಅಂದರಂತೆ. ಅವನು, ಸರಿಯಬೇಕಾದದ್ದು ದೇಹವೋ ಆತ್ಮವೋ ಅಂತ ಕೇಳಿದನಂತೆ. ಶಂಕರರಿಗೆ ಜ್ಞಾನೋದಯವಾಗಿ ಮನೀಷಾ ಪಂಚಕ ಹಾಡಿದರಂತೆ. ಚಿಕ್ಕವನಿದ್ದಾಗ ಈ ಕಥೆ ನನಗೆ ಬಹಳ ಇಷ್ಟವಾಗಿತ್ತು. ಈಗ ಅದರ ಕೊನೆ ಚುಚ್ಚುತ್ತದೆ. ಕೊನೆಯಲ್ಲಿ ಆ ಚಂಡಾಲ ಚಂಡಾಲನೇ ಅಲ್ಲ, ವೇಷ ಹಾಕಿ ಬಂದ ಸಾಕ್ಷಾತ್ ಶಿವ! ಅಷ್ಟು ಒಳ್ಳೆಯ ಪ್ರಶ್ನೆ ಕೇಳಿದವನನ್ನು ಹೊಲೆಯನಾಗಿ ಉಳಿಯಲು ಬಿಡಲಿಲ್ಲ. ಹೊಲೆಯನಿಗೆ ಅಂಥ ಬುದ್ಧಿ ಇರಲು ಸಾಧ್ಯವಿಲ್ಲ, ಆದ್ದರಿಂದ ಅವನು ಶಿವನೇ ಇರಬೇಕು. ನಮ್ಮ ಅಜ್ಜಿ ಕೇಳಿದ ಪ್ರಶ್ನೆಯೂ ಅಷ್ಟೇ ತೂಕದ್ದು. ಅವಳು ಶಿವ ಅಲ್ಲ. ಮೊಣಕಾಲು ನೋವಿನ ಮುದುಕಿ.

ಮಧ್ವಾಚಾರ್ಯರು ಇದಕ್ಕೆ ವಿರುದ್ಧ. ಹದಿಮೂರನೇ ಶತಮಾನದಲ್ಲಿ ಉಡುಪಿಯಲ್ಲಿ ಕೂತು, ಎಲ್ಲ ಒಂದು ಅನ್ನೋದೇ ಸುಳ್ಳು, ದೇವರು ಬೇರೆ ಜೀವ ಬೇರೆ, ಜೀವ ಜೀವವೂ ಬೇರೆ ಅಂದರು. ಅವರ ತಾರತಮ್ಯದಲ್ಲಿ ಮುಕ್ತಿಗೆ ಯೋಗ್ಯ ಜೀವಗಳು, ಸದಾ ಸಂಸಾರದಲ್ಲೇ ಸುತ್ತುವ ಜೀವಗಳು, ಕತ್ತಲಿಗೇ ಯೋಗ್ಯವಾದ ಜೀವಗಳು ಅಂತ ಮೂರು ಬಗೆ. ಆ ಯೋಗ್ಯತೆ ಸ್ವಭಾವದಲ್ಲೇ ಇದೆ, ಬದಲಾಗದು. ಇದು ಜಾತಿಯ ವಿಂಗಡಣೆ ಅಲ್ಲ ಅಂತ ಪಂಡಿತರು ಹೇಳ್ತಾರೆ. ಇರಲಿ, ಒಪ್ಪೋಣ. ಆದರೆ ಬದಲಾಗದ ಸ್ವಭಾವ ಅನ್ನುವ ಮಾತು ನಮ್ಮ ಕಿವಿಗೆ ಹೊಸದೇ? ಕುರುಬರ ಕನಕದಾಸರು ವ್ಯಾಸರಾಯರಿಂದಲೇ ದೀಕ್ಷೆ ಪಡೆದವರು. ಆದರೂ ಉಡುಪಿಯಲ್ಲಿ ಅವರ ಹೆಸರಿನಲ್ಲಿ ಉಳಿದದ್ದು ಬಾಗಿಲಲ್ಲ, ಕಿಂಡಿ. ದೇವರು ತಿರುಗಿದ ಅಂತ ಕಥೆ. ಬಾಗಿಲು ಕಾಯುವವರು ತಿರುಗಿದರು ಅಂತ ಯಾವ ಕಥೆಯೂ ಇಲ್ಲ.

ಒಂದು ಎನ್ನುವವರೂ ಎರಡು ಎನ್ನುವವರೂ ನೂರಾರು ವರ್ಷ ಜಗಳ ಆಡಿದ್ದಾರೆ, ಒಬ್ಬರನ್ನೊಬ್ಬರು ಖಂಡಿಸಿ ಗ್ರಂಥದ ಮೇಲೆ ಗ್ರಂಥ ಬರೆದಿದ್ದಾರೆ. ದೇವರ ಸ್ವರೂಪದ ವಿಷಯದಲ್ಲಿ ಅವರಿಗೆ ಒಂದೇ ಒಂದು ಒಪ್ಪಂದ ಇಲ್ಲ. ನಾವು ಎಲ್ಲಿ ನಿಲ್ಲಬೇಕು ಅನ್ನುವ ವಿಷಯದಲ್ಲಿ ಜಗಳ ಆದದ್ದು ಮಾತ್ರ ನಾನು ಓದಲಿಲ್ಲ.

ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಆ ಜಗಳವೂ ಆಯಿತು. ಶರಣರೂ ಮೆಟ್ಟಿಲು ಹೇಳಿದರು: ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ, ಆರು ಸ್ಥಲ. ಆದರೆ ಮೊದಲನೇ ಮೆಟ್ಟಿಲ ಮೇಲೆ ಕಾಲಿಡಲು ಯಾವ ಹೊಟ್ಟೆಯಲ್ಲಿ ಹುಟ್ಟಿದೆ ಅಂತ ಕೇಳಲಿಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ಆ ಇಬ್ಬರು ಬೀಗರನ್ನು ಕೊಂದದ್ದು ಎಲ್ಲರಿಗೂ ಗೊತ್ತಿರುವ ಕಥೆ. ದೇವರು ನಿರಾಕಾರ ಅಂದದ್ದಕ್ಕೆ ಅವರನ್ನು ಯಾರೂ ಕೊಲ್ಲಲಿಲ್ಲ. ಆಮೇಲೆ ಅದೇ ಬಸವಣ್ಣನ ಹೆಸರಿನಲ್ಲಿ ಮಠಗಳೂ ಬಂದವು, ಒಳಪಂಗಡಗಳೂ ಬಂದವು, ಅದು ಬೇರೆ ಬರೆಯುವ ವಿಷಯ.

ಈಗ ಕೈಗಾಕ್ಕೆ ಹಿಂದಿರುಗುತ್ತೇನೆ, ಶಿವರಾಮ ಕಾರಂತರ ಜೊತೆ. ಈ ಅಣುಸ್ಥಾವರ ಬೇಡ ಅಂತ 1989ರಲ್ಲಿ ಅವರು ನಮ್ಮ ಜಿಲ್ಲೆಯಿಂದ ಲೋಕಸಭೆಗೆ ನಿಂತರು. ಎಂಬತ್ತೇಳು ವರ್ಷದ ಮುದುಕ. ಸೋತರು. ಅಜ್ಜಿಗೆ ಅವರು ಕಾದಂಬರಿಕಾರ ಅಂತ ಗೊತ್ತಿಲ್ಲ, 'ಬಿಳಿ ತಲೆಯ ಅಜ್ಜ' ಅಂತ ಮಾತ್ರ ಗೊತ್ತು. ಅವರು 1968ರಲ್ಲಿ ಬರೆದ 'ಮೂಕಜ್ಜಿಯ ಕನಸುಗಳು'ಗೆ 1977ರ ಜ್ಞಾನಪೀಠ ಬಂತು. ದೇವರು ಎನ್ನುವ ಕಲ್ಪನೆ ಮನುಷ್ಯನ ಜೊತೆ ಹೇಗೆ ಹುಟ್ಟಿತು, ಹೇಗೆ ಬದಲಾಯಿತು, ಹಳೆಯ ದೇವರ ಮೇಲೆ ಹೊಸ ದೇವರು ಹೇಗೆ ಕೂತ ಅನ್ನೋದನ್ನು ಒಬ್ಬ ಬಾಲವಿಧವೆ ಮುದುಕಿಯ ಬಾಯಲ್ಲಿ ಹೇಳಿಸಿದ ಪುಸ್ತಕ. ನಾನು ಅದನ್ನು ಮೂರು ಸಲ ಓದಿದ್ದೇನೆ. ಮೂಕಜ್ಜಿಯನ್ನು ಮೊಮ್ಮಗ ಸುಬ್ಬರಾಯ ಕೂತು ಕೇಳಿಸಿಕೊಂಡ. ನಮ್ಮ ಕೇರಿಯ ಅಜ್ಜಿಯರನ್ನು ಯಾವ ಸುಬ್ಬರಾಯ ಕೇಳಿದ? ಅವರನ್ನು 'ಮಕ್ಕಳು' ಅಂತ ಕರೆದು ಮೊದಲ ಮೆಟ್ಟಿಲಲ್ಲಿ ಕೂರಿಸಿದ್ದಾಯಿತು.

ಆದರೆ ಕಾರಂತರದ್ದೇ ಇನ್ನೊಂದು ಪುಸ್ತಕ ನನ್ನ ಬಾಯಿ ಮುಚ್ಚಿಸುತ್ತದೆ. 1933ರ 'ಚೋಮನ ದುಡಿ'. ಒಂದು ತುಂಡು ಭೂಮಿಗಾಗಿ ಜೀವಮಾನವಿಡೀ ಹಂಬಲಿಸಿದ ಚೋಮ ಕೊನೆಗೆ ಜಾತಿಬಿಟ್ಟು ಇಗರ್ಜಿಯ ಕಡೆ ಹೊರಡುತ್ತಾನೆ. ಅವನನ್ನು ಹಿಂದಕ್ಕೆ ತಿರುಗಿಸಿದ್ದು ಧಣಿ ಅಲ್ಲ, ಪುರೋಹಿತ ಅಲ್ಲ. ಅವನದೇ ಪಂಜುರ್ಲಿ.

ಇದನ್ನು ಓದಿದಾಗ ನನಗೆ ನೆನಪಾದದ್ದು ನನ್ನ ಹತ್ತನೇ ವಯಸ್ಸು. ಒಂದು ಜಾತ್ರೆ. ಗುಡಿಯ ಬಾಗಿಲು ತೆರೆದಿತ್ತು, ಯಾರೂ ತಡೆಯುವಂತಿರಲಿಲ್ಲ. ನಾನು ಜನರ ಕಾಲುಗಳ ನಡುವೆ ನುಗ್ಗಿ ಹೊಸ್ತಿಲವರೆಗೆ ಹೋಗಿದ್ದೆ. ಹಿಂದಿನಿಂದ ರಟ್ಟೆ ಹಿಡಿದು ಎಳೆದವಳು ಅಜ್ಜಿಯೇ. "ಒಳಗೆ ಹೋಗ್‌ಬೇಡ ಮಗಾ, ಜಟಗ ಮುನಿಸ್ಕಳ್ತಾನೆ." ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿ ಅಷ್ಟು ವರ್ಷವಾಗಿತ್ತು. ಅವರ ಬಾಗಿಲಿಗೆ ಅವರು ಕಾವಲು ಇಡಬೇಕಾಗಿರಲಿಲ್ಲ, ನಮ್ಮ ದೇವರೇ ಸಂಬಳವಿಲ್ಲದೆ ಕಾಯುತ್ತಿದ್ದ. ಆದ್ದರಿಂದ ಜಟಗನನ್ನು ನಾನು ಹಾಡಿ ಹೊಗಳಲಾರೆ. ಕೆಲವು ಸಾಹಿತಿಗಳಿಗೆ ನಮ್ಮ ಕಲ್ಲುಗಳ ಮೇಲೆ ಈಚೆಗೆ ವಿಪರೀತ ಪ್ರೀತಿ ಹುಟ್ಟಿದೆ. ಅವರು ಕಲ್ಲನ್ನು ನೋಡ್ತಾರೆ, ರಟ್ಟೆ ಹಿಡಿದ ಕೈಯನ್ನು ನೋಡೋದಿಲ್ಲ.

ಇಷ್ಟು ಬರೆದ ಮೇಲೆ ನನ್ನ ಕಳ್ಳತನವನ್ನೂ ಹೇಳಿಬಿಡಬೇಕು. ಎರಡು ವರ್ಷದ ಹಿಂದೆ, ಡಿಗ್ರಿ ಮುಗಿಸಿದ ಬಿಸಿಯಲ್ಲಿ, ಅಂಬೇಡ್ಕರ್ ಜಯಂತಿಗೆ ಕೇರಿಯಲ್ಲಿ ಭಾಷಣ ಮಾಡಿದೆ. ದೇವರು ಇಲ್ಲ ಅಂದೆ. ಅದನ್ನು ಈಗಲೂ ಅನ್ನುತ್ತೇನೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. ಕಲ್ಲಿಗೆ ಕೈ ಮುಗಿಯುವವರು ಅಜ್ಞಾನಿಗಳು, ಗುಲಾಮರು, ಅವರಿಂದಲೇ ನಮ್ಮ ಜನ ಹಿಂದೆ ಉಳಿದದ್ದು ಅಂದೆ. ಎದುರಿಗೆ ಚಾಪೆ ಮೇಲೆ ಕೂತಿದ್ದ ಐದಾರು ಮುದುಕಿಯರು ಒಬ್ಬೊಬ್ಬರಾಗಿ ಎದ್ದು ಹೋದರು. ಅಜ್ಜಿ ಎಲ್ಲರಿಗಿಂತ ಮೊದಲು. ಸಂಘದ ಹುಡುಗರು ಮಾತ್ರ ಉಳಿದು ಚಪ್ಪಾಳೆ ಹೊಡೆದರು. ನನಗೆ ಬಹಳ ಖುಷಿಯಾಗಿತ್ತು.

ಆ ಪ್ರವಚನಕಾರರ ನಾಲ್ಕು ಮೆಟ್ಟಿಲಿಗೂ ನನ್ನ ಭಾಷಣಕ್ಕೂ ಏನು ವ್ಯತ್ಯಾಸ? ಅವರ ತುದಿಯಲ್ಲಿ ಬ್ರಹ್ಮಜ್ಞಾನಿ, ನನ್ನ ತುದಿಯಲ್ಲಿ ನಾಸ್ತಿಕ. ಎರಡರ ಬುಡದಲ್ಲೂ ಕೂತವಳು ಅದೇ ಅಜ್ಜಿ. ಮೆಟ್ಟಿಲು ಕಟ್ಟಿದವನು ಯಾವಾಗಲೂ ತನ್ನನ್ನು ತುದಿಯಲ್ಲಿ ಕೂರಿಸಿಕೊಂಡೇ ಕಟ್ಟುತ್ತಾನೆ. ಅಜ್ಜಿಯ ಪ್ರಶ್ನೆಗೆ ಉತ್ತರ ನನ್ನ ಹತ್ತಿರವೇ ಇತ್ತು, ಹೇಳಲು ನಾಚಿಕೆಯಾಗಿ ಗೊತ್ತಿಲ್ಲ ಅಂದುಕೊಂಡಿದ್ದೆ.

ಸಿದ್ಧಲಿಂಗಯ್ಯನವರು ಚಳುವಳಿಯ ಬಿಸಿಯಲ್ಲೇ 1981ರಲ್ಲಿ 'ಅವತಾರಗಳು' ಬರೆದರು. ಹಳ್ಳಿಯ ದೇವರುಗಳು, ಮೈಮೇಲೆ ಬರುವವರು, ಅವರ ತಮಾಷೆಗಳು. ಅಲ್ಲಿ ನಗು ಇದೆ, ಆದರೆ ಆ ನಗುವಿನಿಂದ ಯಾವ ಮುದುಕಿಯೂ ಎದ್ದು ಹೋಗಬೇಕಾಗಿಲ್ಲ. ನನಗೆ ಆ ವಿದ್ಯೆ ಇನ್ನೂ ಬಂದಿಲ್ಲ.

ಹಾಗಾದರೆ ಬಾಬಾಸಾಹೇಬರು ಏನು ಹೇಳಿದರು? 1935ರಲ್ಲಿ ಯೇವಲಾದಲ್ಲಿ, ಹಿಂದುವಾಗಿ ಹುಟ್ಟಿದ್ದೇನೆ, ಹಿಂದುವಾಗಿ ಸಾಯುವುದಿಲ್ಲ ಅಂತ ಸಾರಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧರಾದರು. ನಡುವೆ ಇಪ್ಪತ್ತೊಂದು ವರ್ಷ! ನಮ್ಮ ಹಾಗೆ ಒಂದು ಸಂಜೆಯ ಭಾಷಣದಲ್ಲಿ ಮುಗಿಸಲಿಲ್ಲ. ಅವರು ತೀರಿಕೊಂಡ ಮೇಲೆ, 1987ರಲ್ಲಿ, ಮಹಾರಾಷ್ಟ್ರ ಸರ್ಕಾರ ಹೊರತಂದ 'ಹಿಂದೂ ಧರ್ಮದ ಒಗಟುಗಳು' ಎಂಬ ಬರಹಗಳಲ್ಲಿ ಆ ಪ್ರವಚನಕಾರರಿಗೆ ಉತ್ತರ ಇದೆ. ನಾನೂ ಬ್ರಹ್ಮ ನೀನೂ ಬ್ರಹ್ಮ ಎನ್ನುವ ಸಿದ್ಧಾಂತವನ್ನು ಅವರು ಗೇಲಿ ಮಾಡುವುದಿಲ್ಲ. ಪ್ರಜಾಪ್ರಭುತ್ವಕ್ಕೆ ಅದಕ್ಕಿಂತ ಗಟ್ಟಿ ಬುನಾದಿ ಸಿಗದು ಅಂತ ಒಪ್ಪುತ್ತಾರೆ. ಒಪ್ಪಿ, ಹಾಗಿದ್ದೂ ಅದರ ಮೇಲೆ ಸಮಾನತೆಯ ಒಂದು ಗೋಡೆಯೂ ಏಳಲಿಲ್ಲವಲ್ಲ ಯಾಕೆ ಅಂತ ಕೇಳುತ್ತಾರೆ.

'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅವರು ದೇವರ ಸ್ವರೂಪದ ಚರ್ಚೆಯನ್ನೇ ಪಕ್ಕಕ್ಕಿಡುತ್ತಾರೆ. ಮನುಷ್ಯ ಒಬ್ಬನೇ ಇದ್ದರೆ ಧಮ್ಮದ ಅಗತ್ಯವಿಲ್ಲ, ಇಬ್ಬರಾದ ಕೂಡಲೇ ಬೇಕು ಅನ್ನುತ್ತಾರೆ. ಉಳಿದ ಧರ್ಮಗಳಲ್ಲಿ ದೇವರು ಕೂತ ಜಾಗದಲ್ಲಿ ಇಲ್ಲಿ ನೀತಿ ಕೂರುತ್ತದೆ. ನಾನು ತಿಳಿದುಕೊಂಡದ್ದು ಹೀಗೆ: ಬೆಳವಣಿಗೆ ಅನ್ನೋದು ಭೂಮಿಯಿಂದ ಆಕಾಶಕ್ಕೆ ಹತ್ತೋದಲ್ಲ, ನನ್ನಿಂದ ನಿನ್ನ ತನಕ ಇರುವ ದೂರ ಕಡಿಮೆ ಮಾಡೋದು. ಆ ತೀರ್ಥದ ಒಂದು ಗೇಣು ಇದೆಯಲ್ಲ, ಅಷ್ಟು ದೂರ. ಆ ಗೇಣು ದಾಟಿದವನು ಕಲ್ಲಿಗಾದರೂ ಕೈ ಮುಗಿಯಲಿ, ಬ್ರಹ್ಮಕ್ಕಾದರೂ ಮುಗಿಯಲಿ, ಅಥವಾ ನನ್ನ ಹಾಗೆ ಜೇಬಿನಲ್ಲಿ ಕೈ ಇಟ್ಟುಕೊಂಡು ನಿಲ್ಲಲಿ, ನನ್ನ ತಕರಾರಿಲ್ಲ. ದಾಟದವನ ಜೊತೆ ಅವನ ದೇವರು ಎಷ್ಟೇ ದೊಡ್ಡವನಿದ್ದರೂ ಜಗಳ ಇದ್ದೇ ಇದೆ.

ನಮ್ಮದೇ ಜಿಲ್ಲೆಯ ಮುಂಡಗೋಡಿಗೆ ಒಮ್ಮೆ ಹೋಗಿದ್ದೆ. 1966ರಿಂದ ಅಲ್ಲಿ ಟಿಬೆಟಿನವರು ನೆಲೆಸಿದ್ದಾರೆ, ದೊಡ್ಡ ದೊಡ್ಡ ಮಠಗಳಿವೆ. ಅಂಗಳದಲ್ಲಿ ಭಿಕ್ಷುಗಳು ವಾದ ಮಾಡುತ್ತಿದ್ದರು. ಒಬ್ಬ ಕೂತಿರುತ್ತಾನೆ, ಇನ್ನೊಬ್ಬ ನಿಂತು ಅಂಗೈ ಚಟ್ಟನೆ ಬಡಿದು ಪ್ರಶ್ನೆ ಎಸೆಯುತ್ತಾನೆ. ಜಗತ್ತನ್ನು ಸೃಷ್ಟಿಸಿದ ದೇವರನ್ನು ಒಪ್ಪದ ಧರ್ಮ ಅದು. ಅಲ್ಲೂ ಮೆಟ್ಟಿಲು ಇವೆ, ಬೋಧಿಸತ್ವನಿಗೆ ಹತ್ತು ಭೂಮಿ ಅಂತಾರೆ. ಆದರೆ ಹತ್ತುವವನು ಉಳಿದವರನ್ನು ಬಿಟ್ಟು ಹೋಗುವುದಿಲ್ಲ ಅಂತ ಮೊದಲೇ ಮಾತು ಕೊಟ್ಟು ಹತ್ತಬೇಕಂತೆ. ಆಚರಣೆಯಲ್ಲಿ ಅದು ಎಷ್ಟಿದೆ ಅಂತ ಒಂದು ದಿನ ನೋಡಿ ಬಂದವನು ಹೇಳಬಾರದು. ಪ್ರಶ್ನೆ ಕೇಳುವವನು ನಿಂತಿರ್ತಾನೆ, ಉತ್ತರ ಹೇಳುವವನು ನೆಲದ ಮೇಲೆ ಕೂತಿರ್ತಾನೆ ಅನ್ನೋದು ನನಗೆ ಹಿಡಿಸಿತು. ನಮ್ಮಲ್ಲಿ ಉತ್ತರ ಹೇಳುವವರಿಗೆ ವೇದಿಕೆ, ಹಾರ, ಮೈಕು.

ಮೊನ್ನೆ ಅಜ್ಜಿಗೆ ಆ ಜಯಂತಿಯ ಭಾಷಣದ ವಿಷಯ ಎತ್ತಿದೆ. ಅವಳು ಜಟಗನ ಕಲ್ಲಿಗೆ ನೀರು ಹೊಯ್ಯುತ್ತಿದ್ದಳು. "ಅಂದು ನಾನು ಹಂಗೆ ಅನ್ಬಾರ್ದಿತ್ತು ಅಜ್ಜಿ" ಅಂದೆ. "ದೇವ್ರಿಲ್ಲ ಅಂದದ್ದಕ್ಕಾ?" ಅಂತ ಕೇಳಿದಳು. ಅದಲ್ಲ, ನಿಮ್ಮನ್ನೆಲ್ಲ ಗುಲಾಮರು ಅಂದದ್ದಕ್ಕೆ ಅಂದೆ. ಅವಳು ನಕ್ಕಳು. "ದೇವ್ರಿಲ್ಲ ಅಂತ ನಂಗೂ ಸುಮಾರ್ ಸಲ ಅನ್ಸದೆ ತಮಾ. ಹಂಗಂತ ಬೈಯೂಕೆ ಯಾರಾದ್ರೂ ಬೇಕಲಾ." ಆಮೇಲೆ ನಾನು ಜಾತ್ರೆಯ ದಿನ ಅವಳು ರಟ್ಟೆ ಹಿಡಿದು ಎಳೆದದ್ದನ್ನು ಕೇಳಿದೆ. ಅವಳ ನಗು ನಿಂತಿತು. ಅವಳು ಚಿಕ್ಕವಳಿದ್ದಾಗ ಅವಳ ಅಣ್ಣ ಒಂದು ಗುಡಿಯ ಅಂಗಳ ಹತ್ತಿದ್ದಕ್ಕೆ ಕಂಬಕ್ಕೆ ಕಟ್ಟಿ ಹೊಡೆದಿದ್ದರಂತೆ. ನನಗೆ ಇದು ಗೊತ್ತೇ ಇರಲಿಲ್ಲ. ಹತ್ತು ವರ್ಷದ ಹುಡುಗನಿಗೆ ಆ ಕಂಬದ ಕಥೆ ಹೇಳೋದಕ್ಕಿಂತ ಜಟಗ ಮುನಿಯುತ್ತಾನೆ ಅನ್ನೋದು ಅವಳಿಗೆ ಸುಲಭವಾಗಿ ಕಂಡಿತ್ತು.

ಆ ಪ್ರವಚನಕಾರರು ಮುಂದಿನ ತಿಂಗಳು ಮತ್ತೆ ಬರ್ತಾರಂತೆ, ಚೀಟಿ ಹಂಚಿದ್ದಾರೆ. ಕೊನೆಯಲ್ಲಿ ಪ್ರಶ್ನೋತ್ತರ ಇದೆ ಅಂತ ಅದರಲ್ಲಿ ಅಚ್ಚಾಗಿದೆ. ಗಲಾಟೆ ಮಾಡೋದು ಬೇಡ, ಘೋಷಣೆ ಬೇಡ. ಅಜ್ಜಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕು ಅಂತ ನಾವು ನಾಲ್ಕು ಜನ ಮಾತಾಡಿಕೊಂಡಿದ್ದೇವೆ. ನಾನು ಕೇಳೋದಿಲ್ಲ, ಅವಳೇ ಕೇಳ್ತಾಳೆ. ಅವಳ ಜೊತೆ ಕೂರಲು ಬರುವವರು ಸಂಜೆ ಐದರ ಒಳಗೆ ನಮ್ಮ ಮನೆಗೆ ಬನ್ನಿ. ಅವಳಿಗೆ ಮೊಣಕಾಲು ನೋವು, ನಿಧಾನ ನಡೆಯಬೇಕು.